ಒಂದು ಕೂಸಿಗೆ ಒಬ್ಬ ಮಾಸ್ತರ?

ಬಬಲೇಶ್ವರದ ಕಡೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ತಮ್ಮನ ಮೊಮ್ಮಗಳನ್ನು ಅಂಗವೈಕಲ್ಯದ ಕಾರ್ಡಿನ ಸಲುವಾಗಿ ವಿಜಯಪುರಕ್ಕೆ ಕರೆತಂದಿದ್ದರು. ಟಿಕೋಟಾ ಸೀಮೆಯಲ್ಲಿ ಮನೆಮನೆಗೆ ಹೋಗಿ ಕಲಿಸುವ ವಿಶೇಷ ಶಿಕ್ಷಕಿಯೊಬ್ಬರು ಅಲ್ಲಿ ಸಿಕ್ಕರು. ಹುಡುಗಿಗೆ ಆರು ವರ್ಷ. ಕಣ್ಣಿಗೆ ಬೆಳಕು, ನೆರಳು ಇಷ್ಟೇ ಗೊತ್ತು. ಕಿವಿಗೆ ಡೊಳ್ಳಿನಂಥ ದೊಡ್ಡ ಸಪ್ಪಳ ಮಾತ್ರ.

ಮಾಸ್ತರು: ತಂಗಿ, ನೇರ ಕೇಳ್ತೀನಿ, ಸಿಟ್ಟಾಗಬ್ಯಾಡ. ನಾ ನೌಕರಿ ಮಾಡಿದ ಸಾಲಿಯೊಳಗ ಒಂದ ಖೋಲಿಯಾಗ ಮೂರು ಇಯತ್ತೆ ಕುಂದರಿಸಿ ಕಲಿಸೇನಿ. ಒಂದು ಕಡಿ ಮಗ್ಗಿ, ಒಂದು ಕಡಿ ಕಾಗುಣಿತ. ನಲವತ್ತು ಹುಡುಗರಿಗೆ ಒಬ್ಬ ಮಾಸ್ತರ ಸಿಗೂದ ಕಷ್ಟ ಇರೋ ಸೀಮಿಯಾಗ ನೀನು ಒಂದು ಕೂಸಿಗೆ ಒಬ್ಬರು ಬೇಕ ಅಂತೀ. ಇದು ಆಗೂ ಮಾತೇನು?

ಟೀಚರ್: ಸಿಟ್ಟು ಯಾಕ್ರಿ ಗುರುಗಳ, ಎಲ್ಲಾರೂ ಮೊದಲು ಕೇಳೂದು ಇದನ್ನ. ಆದ್ರ ಆ ನಲವತ್ತು ಹುಡುಗರಿಗೆ ನೀವೊಬ್ಬರ ಕಲಿಸಿದ್ರಿ ಅಂತ ನನಗ ಅನಸೂದಿಲ್ಲ. ನಿಮ್ಮ ಕೈಗೆ ಬರೂಕಿಂತ ಮೊದಲ ಅವರಿಗೆ ಓಣಿ ಕಲಿಸಿತ್ತು, ಸಂತಿ ಕಲಿಸಿತ್ತು, ಅವ್ವ ರೊಟ್ಟಿ ಬಡಿಯೂ ಸಪ್ಪಳ ಕಲಿಸಿತ್ತು. ಸಪ್ಪಳ ನಿಂತ್ರ ರೊಟ್ಟಿ ಆದ್ವು, ಇನ್ನ ಉಣ್ಣಾಕ ಕರೀತಾರ ಅನ್ನೂದು ಎರಡು ವರ್ಷದ ಕೂಸಿಗೂ ತಿಳಿತೈತಿ. ಯಾರು ಹೇಳಿಕೊಟ್ರು? ಯಾರೂ ಇಲ್ಲ. ನಿಮ್ಮ ಮೊಮ್ಮಗಳಿಗೆ ಅದರೊಳಗಿಂದು ಒಂದೂ ಮುಟ್ಟಿಲ್ಲ. ಆಕಿ ಪಾಲಿಗೆ ರೊಟ್ಟಿ ಅಂದ್ರ ಎಲ್ಲಿಂದೋ ಬಂದು ತುಟಿಗೆ ತಗಲೂ ವಸ್ತು.

ಮಾಸ್ತರು: ಕುರುಡ ಮಕ್ಕಳ ಸಾಲಿ ಅದಾವ, ಕಿವುಡ ಮಕ್ಕಳ ಸಾಲಿ ಅದಾವ. ಎರಡರೊಳಗ ಒಂದಕ್ಕ ಹಾಕಿದ್ರ?

ಟೀಚರ್: ಕಿವುಡ ಮಕ್ಕಳ ಸಾಲಿ ನಡೆಯೂದು ಕಣ್ಣಿನ ಮ್ಯಾಲ. ಕೈಸನ್ನಿ ನೋಡಬೇಕು, ತುಟಿ ನೋಡಬೇಕು. ಕುರುಡ ಮಕ್ಕಳ ಸಾಲಿ ನಡೆಯೂದು ಕಿವಿ ಮ್ಯಾಲ. ಬ್ರೈಲ್ ಚುಕ್ಕಿ ಮುಟ್ಟಿಸಿ 'ಇದು ಅ' ಅಂತ ಬಾಯಿಲೆ ಹೇಳಬೇಕಲ್ಲ. ಎರಡೂ ಕಡಿ ಒಳ್ಳೇ ಮಂದಿನ ಇರ್ತಾರ, 'ನಮ್ಮ ಕೈಲೆ ಆಗೂದಿಲ್ಲ' ಅಂತ ವಾಪಸ್ ಕಳಸ್ತಾರ. ಸರ್ಕಾರಕ್ಕೂ ಇದು ಭಾಳ ದಿನ ತಿಳಿದಿರಲಿಲ್ಲ. 1995ರ ಕಾಯ್ದಿಯೊಳಗ ಏಳು ನಮೂನಿ ಅಂಗವೈಕಲ್ಯ ಇದ್ವು, ಇದು ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದಿ ಬಂದು ಏಳು ಇದ್ದದ್ದು ಇಪ್ಪತ್ತೊಂದಾದಾಗ, ಬಹುವಿಧ ಅಂಗವೈಕಲ್ಯದ ಸಾಲಿನಾಗ ಕಿವುಡು-ಕುರುಡು ಅಂತ ಹೆಸರು ಹಿಡದು ಸೇರಿಸಿದ್ರು. ಪೂರ್ತಿ ಕತ್ತಲಿ, ಪೂರ್ತಿ ಮೌನ ಅಂತ ತಿಳಕೋಬ್ಯಾಡ್ರಿ ಮತ್ತ. ಹೆಚ್ಚಿನ ಮಕ್ಕಳಿಗೆ ಅಷ್ಟಿಷ್ಟು ಕಾಣತೈತಿ, ಅಷ್ಟಿಷ್ಟು ಕೇಳತೈತಿ. ಆ ಅಷ್ಟಿಷ್ಟನ್ನ ಹುಡುಕಿ ಉಪಯೋಗಕ್ಕ ತರೂದು ಅರ್ಧ ಕೆಲಸ.

ಮಾಸ್ತರು: ಮನಿಯಾಗ ಆಕಿ ಅವ್ವ ಎಲ್ಲಾ ಮಾಡ್ತಾಳ. ಉಣಸ್ತಾಳ, ಜಳಕ ಮಾಡಸ್ತಾಳ, ಟೊಂಕದ ಮ್ಯಾಲ ಕುಂದರಿಸಿಕೊಂಡು ತಿರಗ್ತಾಳ. ಹೆತ್ತ ತಾಯಿಗಿಂತ ಹೆಚ್ಚು ಯಾರು ಮಾಡ್ಯಾರು?

ಟೀಚರ್: ಹೆಚ್ಚು ಮಾಡೂದ ಬ್ಯಾಡ್ರಿ. ಕಡಿಮಿ ಮಾಡೂದನ್ನ ಆಕೀಗೆ ಕಲಿಸಬೇಕಾಗೇತಿ. ಹುಡುಗಿ ಕಡಿಯಿಂದ ನೋಡ್ರಿ. ಸುಮ್ನ ಕುಂತಿರ್ತಾಳ, ಎರಡು ಕೈ ಬರ್ತಾವ, ಎತ್ತಿಕೊಂಡು ಹೋಗತಾವ, ಮೈಮ್ಯಾಲ ಬಿಸಿನೀರು ಬೀಳತೈತಿ. ಯಾರ ಕೈ, ಎಲ್ಲಿಗೆ ಒಯ್ದರು, ಯಾಕ ಒಯ್ದರು, ಒಂದೂ ತಿಳಿಯೂದಿಲ್ಲ. ನಿಮ್ಮನ್ನ ಯಾರಾದ್ರೂ ಹಂಗ ಎತ್ತಿದ್ರ ನೀವೂ ಒದೀತೀರಿ, ಕಚ್ಚತೀರಿ. ಆಕಿ ಒದ್ರ ಹಟಮಾರಿ ಅಂತೀವಿ. ಕಣ್ಣಾಗ ಬೆರಳು ಒತ್ತಕೊಂಡ್ರ, ಬಿಸಲಿಗೆ ಮಾರಿ ಮಾಡಿ ಬೆರಳು ಆಡಿಸಿದ್ರ, ತಲಿ ಸರಿ ಇಲ್ಲ ಅಂತೀವಿ. ಕಾಣದ ಕೂಸುಗಳು ಕಣ್ಣು ಒತ್ತಿಕೊಳ್ಳೂದು ಎಲ್ಲಾ ಕಡಿ ಇದ್ದದ್ದ. ಬುದ್ಧಿಮಾಂದ್ಯ ಅಂತ ಚೀಟಿ ಅಂಟಿಸಿ ಮೂಲಿಗೆ ಕುಂದರಿಸಿದ ಇಂಥಾ ಮಕ್ಕಳು ನಮ್ಮ ಹಳ್ಳಿಗಳಾಗ ಇರಲೇಬೇಕು, ಗುರುಗಳ. ಯಾರೂ ಕಣ್ಣು, ಕಿವಿ ಎರಡೂ ಕೂಡಿಸಿ ತಪಾಸಣೆ ಮಾಡಿಲ್ಲ, ಅಷ್ಟ.

ಮಾಸ್ತರು: ಹಂಗಾದ್ರ ನೀ ಮನಿಗೆ ಬಂದು ಏನು ಮಾಡ್ತೀ?

ಟೀಚರ್: ಮೊದಲ ಮೊದಲ ಏನೂ ಮಾಡೂದಿಲ್ಲ, ಮಗ್ಗಲ ಕುಂದರತೀನಿ. ಈ ಕಡಗ ನೋಡ್ರಿ. ಒಂದಿನಾನೂ ಇದನ್ನ ಬಿಟ್ಟು ಹೋಗೂದಿಲ್ಲ. ಹೋದ ಕೂಡಲೆ ಕೂಸಿನ ಕೈಗೆ ಇದನ್ನ ಮುಟ್ಟಸ್ತೀನಿ. ಇದ ನನ್ನ ಹೆಸರು. ಅಪ್ಪನ ಹೆಸರು ಮೀಸಿ, ಅಜ್ಜಿ ಹೆಸರು ಮೂಗಿನ ನತ್ತು. ಆಮ್ಯಾಲ ಕೆಲಸಕ್ಕೊಂದು ವಸ್ತು. ಜಳಕಕ್ಕ ತಂಬಿಗಿ, ಊಟಕ್ಕ ಚಮಚ, ಹೊರಗ ಹೋಗಾಕ ಚಪ್ಪಲಿ. ಜಳಕಕ್ಕ ಎಬ್ಬಿಸೂ ಮುಂಚೆ ತಂಬಿಗಿ ಆಕಿ ಕೈಯಾಗ ಇಡಬೇಕು. ದಿನಾ ಅದ ತಂಬಿಗಿ. ಇವತ್ತ ಹಿತ್ತಾಳಿ, ನಾಳೆ ಪ್ಲಾಸ್ಟಿಕ್ ಅಂದ್ರ ನಡೆಯೂದಿಲ್ಲ. ಮನಿ ಮಂದಿಗೆ ಬ್ಯಾಸರಾಗತೈತಿ, 'ತಂಬಿಗಿ ಹಿಡಿದು ಏನು ಮಾಡ್ತಾಳ' ಅಂತಾರ. ತಿಂಗಳಗಟ್ಟಲೆ ಏನೂ ಆಗೂದಿಲ್ಲ. ಒಂದಿನ ತಂಬಿಗಿ ಕೈಗೆ ಸಿಕ್ಕ ಕೂಡಲೆ ಕೂಸು ತಾನ ಅಂಗಿ ಎತ್ತಾಕ ಸುರು ಮಾಡತೈತಿ. ನೀವು ಹೇಳಿದ್ದು ಅದಕ್ಕ ತಿಳೀತು, ಅದು ಹೂಂ ಅಂತು.

ಮಾಸ್ತರು: ಕೈ ಹಿಡಿದು ಕಲಸೂದು ನಮಗೇನು ಹೊಸಾದಲ್ಲ. ಪಾಟಿ ಮ್ಯಾಲ ಕೈ ಹಿಡದ ತಿದ್ದಿಸೇವಿ.

ಟೀಚರ್: ನೀವು ಮ್ಯಾಲಿಂದ ಹಿಡದ್ರಿ. ಇಲ್ಲಿ ನನ್ನ ಕೈ ಕೆಳಗ ಇರಬೇಕು, ಆಕಿ ಕೈ ಮ್ಯಾಲ. ಈ ಮಕ್ಕಳು ನೋಡೂದೂ ಕೈಲೆ, ಕೇಳೂದೂ ಕೈಲೆ, ಮಾತಾಡೂದೂ ಕೈಲೆ. ಮ್ಯಾಲಿಂದ ಗಟ್ಟಿ ಹಿಡದ್ರ ಮೂರೂ ಬಂದ್ ಆದ್ವು. ನನ್ನ ಕೈ ಹಿಟ್ಟು ನಾದತಿರತೈತಿ, ಆಕಿ ಬೆರಳು ನನ್ನ ಬೆರಳಿನ ಮ್ಯಾಲ ಕುಂತು ಏನು ನಡದೈತಿ ಅಂತ ತಿಳಕೋತಿರತಾವ. ಬ್ಯಾಡಾದ್ರ ಎತ್ತಿಕೊಂಡು ಹೋಗಬಹುದು. ಬ್ಯಾಡ ಅನ್ನೂ ಹಕ್ಕು ಕೊಟ್ರ ಮಾತ್ರ ಬೇಕು ಅನ್ನೂದು ಹೊರಗ ಬರತೈತಿ. ಇದನ್ನ ಹೇಳೂದು ಸಸಾರ. ಕೂಸಿನ ಕೈ ಹಿಡದ ಎಳೀಲಾರದಂಗ ಇರೂದು ನಮ್ಮಂಥ ಅವಸರದ ಮಂದಿಗೆ ಭಾಳ ತ್ರಾಸು. ಅದಕ್ಕ ತರಬೇತಿ ಬೇಕು ಅನ್ನೂದು.

ಟಿಕೋಟಾ ಕಡೆ ಒಂದು ದ್ರಾಕ್ಷಿ ತೋಟದ ಮನಿ ಐತಿ. ಅಲ್ಲಿ ಹುಡುಗ ನಿಮ್ಮ ಮೊಮ್ಮಗಳಿಗಿಂತ ದೊಡ್ಡಾಂವ. ಒಣದ್ರಾಕ್ಷಿ ತುಂಬೂ ರಟ್ಟಿನ ಡಬ್ಬಿ ಸಾಲಾಗಿ ಅಂಟಿಸಿ ಗ್ವಾಡಿಗೆ ಹಚ್ಚಿ ಇಟ್ಟೀವಿ. ಎಡಗಡೆ ಮೊದಲನೇ ಡಬ್ಬಿಯಾಗ ಚಮಚ, ಆಮ್ಯಾಲ ತಂಬಿಗಿ, ಆಮ್ಯಾಲ ಬ್ರೈಲ್ ಕಲಿಯೂ ಮಣಿ, ಕಡೇಕ ಚಪ್ಪಲಿ. ಒಂದು ಕೆಲಸ ಮುಗೀತಂದ್ರ ಆ ವಸ್ತು ತಗದು ಕೆಳಗಿನ ಬುಟ್ಟಿಗೆ ಹಾಕಬೇಕು. ನೆದರ್‌ಲ್ಯಾಂಡ್ಸ್‌ನ ಯಾನ್ ವಾನ್ ಡೈಕ್ ಅನ್ನೂ ಶಿಕ್ಷಣತಜ್ಞರು ಇಂಥ ಮಕ್ಕಳ ಸಲುವಾಗಿ ಬೆಳೆಸಿದ ಪದ್ಧತಿ ಇದು. ನಮಗ ಗಡಿಯಾರ ಐತಿ, ಕ್ಯಾಲೆಂಡರ್ ಐತಿ, ಮುಂಜಾನೆ ಕೋಳಿ ಕೂಗತೈತಿ. ಈ ಹುಡುಗಗ ಮುಂದೇನು ಅನ್ನೂದನ್ನ ಹೇಳೂದು ಡಬ್ಬಿ ಮಾತ್ರ. ಒಂದಿನ ಏನು ಮಾಡಿದ ಗೊತ್ತೇನ್ರಿ? ಕಡೇ ಡಬ್ಬಿಯಾಗಿನ ಚಪ್ಪಲಿ ತಗದು ಮಣಿ ಇದ್ದ ಡಬ್ಬಿಯಾಗ ಇಟ್ಟ, ಮಣಿ ತಗದು ಬುಟ್ಟಿಗೆ ಒಗದ.

ಮಾಸ್ತರು: (ನಗುತ್ತ) ಅಭ್ಯಾಸ ಬ್ಯಾಡ, ತಿರಗಾಡಾಕ ಹೋಗೂಣು ಅಂದನ?

ಟೀಚರ್: ಹೌದ್ರಿ! ನಿಮ್ಮ ಸಾಲಿ ಹುಡುಗರಂಗ ಕಳ್ಳಾಟ. ಮನಿ ಮಂದಿ ಬೈಯಾಕ ಹೋದ್ರು, ನಾ ಕುಣಿಯೂದೊಂದು ಬಾಕಿ. ತಕರಾರು ಮಾಡಾಕ ಬಂತಂದ್ರ ಭಾಷಾ ಬಂತು. ಅವತ್ತ ತೋಟದಾಗ ತಿರಗಾಡಿಸಿಕೊಂಡು ಬಂದ್ವಿ.

ಮಾಸ್ತರು: ಹೆಲೆನ್ ಕೆಲರ್ ಪಾಠ ಎಷ್ಟು ಸಲ ಮಾಡೇನೋ. ನೀರು ಕೈಮ್ಯಾಲ ಬಿದ್ದ ಕೂಡಲೆ ಹುಡುಗಿ ಬುದ್ಧಿ ತೆರದದ್ದು. ಅದನ್ನ ಹೇಳೂವಾಗ ಹುಡುಗರು ಬಾಯಿ ತಕ್ಕೊಂಡು ಕುಂದರತಿದ್ರು.

ಟೀಚರ್: ನನಗ ಆ ಪಾಠದ ಮ್ಯಾಲ ಸ್ವಲ್ಪ ಸಿಟ್ಟೈತಿ, ಗುರುಗಳ. ಅದನ್ನ ಪವಾಡ ಮಾಡಿ ಹೇಳ್ತೀವಿ. ಪವಾಡ ಅಂದ್ರ ಯಾರೂ ಪಗಾರ ಕೊಡೂದು ಬ್ಯಾಡ, ತರಬೇತಿ ಕೊಡೂದು ಬ್ಯಾಡ. ಹೆಲೆನ್‌ಗೆ ಕಲಿಸಿದ ಆನ್ ಸಲಿವನ್ ಅಮೆರಿಕಾದ ಪರ್ಕಿನ್ಸ್ ಸಾಲಿಯಾಗ 1880ರಿಂದ 1886ರ ತನಕ ಕಲತಾಕಿ. ತಾನೂ ಅರೆಗುರುಡಿ. ಅದ ಸಾಲಿಯೊಳಗ ಲಾರಾ ಬ್ರಿಜ್‌ಮನ್ ಅಂತ ಇನ್ನೊಬ್ಬ ಕಿವುಡು-ಕುರುಡಿ ಇದ್ದಳು. 1837ರಾಗ ಬಂದಾಕಿ, ಸ್ಯಾಮ್ಯುಯೆಲ್ ಹೋವ್ ಅನ್ನೂ ಡಾಕ್ಟರು ಚಮಚ, ಕೀಲಿಕೈ ಇಂಥ ವಸ್ತುಗಳಿಗೆ ಉಬ್ಬಕ್ಷರದ ಚೀಟಿ ಅಂಟಿಸಿ ಆಕೀಗೆ ಅಕ್ಷರ ಕಲಿಸಿದ್ರು. ಹೆಲೆನ್ ಮನಿಯಿಂದ ಕರಿ ಬಂದ ಮ್ಯಾಲ ಸಲಿವನ್ ಹೋವ್ ಅವರ ದಾಖಲೆಗಳನ್ನ ತಿಂಗಳಗಟ್ಟಲೆ ಕುಂತು ಓದಿದಳು. ಆಮ್ಯಾಲ 1887ರ ಮಾರ್ಚ್ 3ಕ್ಕ ಅಲಬಾಮಾದ ಆ ಮನಿ ಹೊಕ್ಕಳು. ನೀರಿನ ಪಂಪಿನ ಪ್ರಸಂಗ ನಡದದ್ದು ಏಪ್ರಿಲ್ 5ಕ್ಕ. ನಾವು ಆ ಒಂದ ದಿನ ಹೇಳ್ತೀವಿ, ಅದರ ಹಿಂದಿನ ಐವತ್ತು ವರ್ಷದ ಸಾಲಿ ಅನುಭವ ಹೇಳೂದಿಲ್ಲ. ಆಕಿ ದೇವತಿ ಅಲ್ಲ. ಕೆಲಸ ಕಲತು, ಪಗಾರಕ್ಕ ಬಂದ ಶಿಕ್ಷಕಿ. 1936ರಾಗ ತೀರಿಕೊಳ್ಳೂ ತನಕ ಹೆಲೆನ್ ಜೋಡಿ ಇದ್ದಳು.

ಮಾಸ್ತರು: ಅಲ್ಲೇ ನನ್ನ ಅನುಮಾನ ಇರೂದು. ಒಬ್ಬಾಕಿಗೆ ಹೊಂದಿಕೊಂಡ ಕೂಸು, ಆಕಿ ವರ್ಗ ಆಗಿ ಹೋದ್ರ? ಲಗ್ನ ಆಗಿ ಹೋದ್ರ?

ಟೀಚರ್: ಇದು ಖರೇ ಪ್ರಶ್ನೆ. ಲಾರಾಗ ಹಂಗ ಆತು. ಸಾಲಿ ಮುಗಿಸಿ ತೌರುಮನಿಗೆ ಕಳಿಸಿದ್ರು. ಅಲ್ಲಿ ಆಕಿ ಜೋಡಿ ಬೆರಳಿಲೆ ಮಾತಾಡಾಕ ಯಾರಿಗೂ ಪುರಸೊತ್ತಿಲ್ಲ. ಹುಡುಗಿ ಊಟ ಬಿಟ್ಟು ಸೊರಗಿದಳು. ವಾಪಸ್ ಸಾಲಿಗೆ ಕರಕೊಂಡು ಬಂದ್ರು, ಕಡೇ ತನಕ ಅಲ್ಲೇ ಉಳಿದಳು. ಅದಕ್ಕ ನನ್ನಂಥಾಕಿ ಕೆಲಸ ಕೂಸಿನ ಜೋಡಿ ಅರ್ಧ, ಮನಿ ಮಂದಿ ಜೋಡಿ ಅರ್ಧ. ಅವ್ವ ಕಲೀಬೇಕು, ತಮ್ಮ ಕಲೀಬೇಕು, ಅಂಗನವಾಡಿ ಟೀಚರ್ ಕಲೀಬೇಕು. ತಮ್ಮ ಅನ್ನಾಂವ ಎಲ್ಲಾರಕಿಂತ ಲಗೂ ಕಲೀತಾನ, ಅವನಿಗೆ ಅದು ಆಟ. ಆದ್ರ ಮನಿ ಮಂದಿ ಕಲತ್ರು ಅಂತ ತಜ್ಞರು ಬ್ಯಾಡ ಅಂತ ಆಗೂದಿಲ್ಲ. ತಂಬಿಗಿ, ಚಪ್ಪಲಿ ತನಕ ಅವ್ವ ಒಯ್ದಾಳು. ಅಲ್ಲಿಂದ ಕೈಸನ್ನಿಗೆ, ಬ್ರೈಲಿಗೆ, ಲೆಕ್ಕಕ್ಕ ಒಯ್ಯೂದು ಕಲತ ಮಂದಿ ಕೆಲಸ. ಹುಡುಗಿ ದೊಡ್ಡಾಕಿ ಆದ ಮ್ಯಾಲ ದವಾಖಾನಿಯಾಗ ಡಾಕ್ಟರ್ ಕೇಳಿದ್ದನ್ನ ಅಂಗೈಯಾಗ ಮುಟ್ಟಿಸಿ ಹೇಳಿ, ಆಕಿ ಉತ್ತರಾನ ಆಕಿದ ಆಗಿ ಉಳಿಸಿ ಡಾಕ್ಟರಿಗೆ ದಾಟಸೂದು ಇನ್ನೂ ಸೂಕ್ಷ್ಮ. ಅವ್ವ ಅಪ್ಪ ಪ್ರೀತಿಲೆ ತಾವ ಉತ್ತರ ಕೊಟ್ಟು ಬಿಡ್ತಾರ.

ಮಾಸ್ತರು: ಪಗಾರದ ಮಾತಿಗೆ ಬಾ. ಯಾರು ಕೊಡೂದು?

ಟೀಚರ್: ಕೆನಡಾದ ಒಂಟೇರಿಯೊ ಪ್ರಾಂತದಾಗ ಸರ್ಕಾರ ಕೊಡತೈತಿ. ಅಲ್ಲಿ ಕಿವುಡು-ಕುರುಡರ ಜೋಡಿ ಇರೂ ಇಂಟರ್ವೀನರ್ ಅನ್ನೂದು ಒಂದು ಉದ್ಯೋಗ; ಟೊರೊಂಟೊದ ಜಾರ್ಜ್ ಬ್ರೌನ್ ಕಾಲೇಜಿನಾಗ ಅದರದ ಕೋರ್ಸ್ ಐತಿ. ಕೆನಡಾದ ರೊಕ್ಕ ನಮ್ಮಲ್ಲಿ ಇಲ್ಲ ಅಂತೀರಿ, ಸರಿ. ನಮ್ಮ ದೇಶದ್ದ ತಗೋರಿ. 2021ರ ಅಕ್ಟೋಬರ್‌ನಾಗ ಸುಪ್ರೀಂ ಕೋರ್ಟು ವಿಶೇಷ ಶಿಕ್ಷಕರ ಸಲುವಾಗಿ ಒಂದು ತೀರ್ಪು ಕೊಟ್ಟಿತು. ಅದರೊಳಗ ಉಲ್ಲೇಖ ಆದ ಅನುಪಾತದ ಪ್ರಕಾರ ಸೆರೆಬ್ರಲ್ ಪಾಲ್ಸಿ ಇದ್ದ ಎಂಟು ಮಕ್ಕಳಿಗೆ ಒಬ್ಬರು, ಬುದ್ಧಿಮಾಂದ್ಯ ಇದ್ದ ಐದು ಮಕ್ಕಳಿಗೆ ಒಬ್ಬರು, ಕಿವುಡು-ಕುರುಡು ಮಕ್ಕಳಾದ್ರ ಇಬ್ಬರಿಗೆ ಒಬ್ಬರು. 2025ರ ಮಾರ್ಚ್‌ನಾಗ ಅದ ಕೋರ್ಟು ರಾಜ್ಯಗಳು ಹುದ್ದೆ ಮಂಜೂರು ಮಾಡಿ ಭರ್ತಿ ಮಾಡಬೇಕು ಅಂತ ಮತ್ತ ಹೇಳೇತಿ. ನಾ ಬೇಡೂದು ಆಕಾಶದಾಗಿಂದಲ್ಲ.

ಮಾಸ್ತರು: ಇಬ್ಬರಿಗೊಬ್ಬರು! ಶಿಕ್ಷಣ ಇಲಾಖೆ ಲೆಕ್ಕದಾಗ ಇದನ್ನ ಯಾರು ಒಪ್ಪತಾರ?

ಟೀಚರ್: ಲೆಕ್ಕ ಮಾಡಿದ್ರ ಅಂಜಿಕಿ ಕಡಿಮಿ ಆಗತೈತಿ. ಕಿವುಡು-ಕುರುಡರ ವಿಶ್ವ ಒಕ್ಕೂಟ 2018ರಾಗ ವರದಿ ಕೊಟ್ಟಾಗ, ತೀವ್ರ ಪ್ರಮಾಣದಾಗ ಹಿಂಗ ಇದ್ದವರು ಸುಮಾರು ಸಾವಿರಕ್ಕ ಇಬ್ಬರು ಅಂತ ಅಂದಾಜು ಮಾಡಿತು. ಅದೂ ಎಲ್ಲಾ ವಯಸ್ಸಿನವರು ಸೇರಿ, ಅದರೊಳಗ ವಯಸ್ಸಾದವರ ಪಾಲು ದೊಡ್ಡದು. ಮಕ್ಕಳ ಲೆಕ್ಕ ಇನ್ನೂ ಸಣ್ಣದು. ಮತ್ತ ಮಂದಿ ಈಗಾಗಲೇ ಅದಾರ. ಗ್ರಾಮ ಪಂಚಾಯ್ತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಸಮಗ್ರ ಶಿಕ್ಷಣ ಯೋಜನಾದಾಗ ವಿಶೇಷ ಅಗತ್ಯದ ಮಕ್ಕಳ ಸಲುವಾಗಿ ಬಿಐಇಆರ್‌ಟಿ ಶಿಕ್ಷಕರು, ಗೃಹಾಧಾರಿತ ಶಿಕ್ಷಣ ಅಂತ ಮನಿಗೆ ಹೋಗೂ ಪದ್ಧತಿ. ವ್ಯವಸ್ಥಾದ ಅಸ್ಥಿಪಂಜರ ಐತಿ. ಏನಿಲ್ಲಂದ್ರ, ಅವರೊಳಗ ಕೈ ಕೆಳಗ ಕೈ ಇಡಾಕ ಕಲತವರು ಇಲ್ಲ, ಮತ್ತ ವಾರಕ್ಕೊಮ್ಮೆ ಬಂದು ಸಹಿ ಮಾಡಿಸಿಕೊಂಡು ಹೋದ್ರ ಈ ಮಕ್ಕಳಿಗೆ ಏನೂ ಆಗೂದಿಲ್ಲ. ಅವರ ಗೌರವಧನ ನೋಡಿದ್ರ ಅವರನ್ನೂ ಬೈಯಾಕ ಮನಸು ಬರೂದಿಲ್ಲ.

ಮಾಸ್ತರು: ಕಲಿಸಾಕ ನಮ್ಮ ಕಡಿ ಯಾರದಾರ?

ಟೀಚರ್: ಹತ್ತಿರ ಇಲ್ಲ, ಅದ ಕೊರತಿ. ಬೆರೋಜ್ ವಾಚಾ ಅನ್ನೂವರು 1977ರಾಗ ಮುಂಬೈಯಾಗ ಹೆಲೆನ್ ಕೆಲರ್ ಸಂಸ್ಥಾ ಸುರು ಮಾಡಿದ್ರು. ಅಲ್ಲಿ ಇಂಥ ಶಿಕ್ಷಕರ ತರಬೇತಿನೂ ನಡದೈತಿ. ಅಹಮದಾಬಾದಿನಾಗ ಸೆನ್ಸ್ ಇಂಡಿಯಾ ಐತಿ, 1997ರಿಂದ ಇದೊಂದ ಕೆಲಸ ಮಾಡಕೋತ ಬಂದೈತಿ. ಚೆನ್ನೈ ಹತ್ತಿರ ಮುಟ್ಟುಕಾಡಿನಾಗ ಬಹುವಿಧ ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥಾ, 2005ರದ್ದು. ಕಿವಿ ಪರೀಕ್ಷೆಗೆ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥಾ. ಎಲ್ಲಾ ಭಾಳ ದೂರದ ಹಾದಿ. ಟಿಕೋಟಾದ ತಾಯಿ ತೋಟ ಬಿಟ್ಟು, ಕೂಸು ಕಟಕೊಂಡು ಅಲ್ಲಿಗೆ ಹೋಗಿ ಕುಂದರಬೇಕೋ, ಅಥವಾ ಅಲ್ಲಿ ಕಲತ ಒಬ್ಬರು ವಿಜಯಪುರಕ್ಕ ಬಂದು ಇಲ್ಲಿ ಹತ್ತು ಮಂದಿನ್ನ ತಯಾರು ಮಾಡಬೇಕೋ? ಎರಡನೇದು ಅಗ್ಗ.

ಮಾಸ್ತರು: ಇನ್ನೊಂದು ಕೇಳ್ತೀನಿ. ನಮ್ಮ ಮನಿತನದಾಗ ಅಕ್ಕನ ಮಗಳನ್ನ ತರೂದು ಪದ್ಧತಿ. ಇದು ಅದರಿಂದ ಆತೋ?

ಟೀಚರ್: ನಿಮ್ಮ ಕೂಸಿಗೆ ಯಾಕ ಆತು ಅಂತ ಡಾಕ್ಟರು ಹೇಳಬೇಕು, ನಾ ಹೇಳಬಾರದು. ಆದ್ರ ಅಷರ್ ಸಿಂಡ್ರೋಮ್ ಅಂತ ಒಂದೈತಿ. ಹುಟ್ಟಾ ಕಿವುಡು, ಸಾಲಿ ವಯಸ್ಸಿನಾಗ ಇರುಳುಗುರುಡು ಸುರು ಆಗಿ ನೋಟ ಸುತ್ತಲಿಂದ ಕುಗ್ಗಕೋತ ಬರತೈತಿ. ತಾಯಿ, ತಂದಿ ಇಬ್ಬರ ಕಡೆಯಿಂದಲೂ ಅದ ದೋಷ ಇಳದ್ರ ಮಾತ್ರ ಬರೂದದು. ರಕ್ತಸಂಬಂಧದ ಲಗ್ನದಾಗ ಆ ಸಂಭವ ಹೆಚ್ಚು. ಕಿವುಡ ಹುಡುಗ ಸಂಜಿ ಆದ್ರ ಎಡವತಾನ ಅಂದ್ರ ಒದರಬಾರದು, ಕಣ್ಣು ತೋರಿಸಬೇಕು. ಇನ್ನೊಂದು ಕಾರಣ ರುಬೆಲ್ಲಾ. ಬಸುರಿ ಇದ್ದಾಗ ಮೊದಲ ಮೂರು ತಿಂಗಳಾಗ ತಾಯಿಗೆ ಬಂದ್ರ ಕೂಸಿನ ಕಣ್ಣಾಗ ಪೊರಿ, ಕಿವಿ ಕಿವುಡು, ಹೃದಯದಾಗ ದೋಷ. 1941ರಾಗ ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್ ಇದನ್ನ ಮೊದಲ ಗುರುತಿಸಿದ್ರು.

ಮಾಸ್ತರು: 2017ರಾಗ ನಮ್ಮ ಸಾಲಿಯಾಗ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕಿದ್ರಲ್ಲ, ಅದೇನು? ಮೊಬೈಲಿನಾಗ ಏನೇನೋ ಸುದ್ದಿ ಬಂದು ಪಾಲಕರು ಜಗಳಕ್ಕ ಬಂದಿದ್ರು.

ಟೀಚರ್: ಅದ. ಆ ಫೆಬ್ರುವರಿಯಾಗ ದೇಶದ ಮೊದಲ ಸುತ್ತಿನಾಗ ನಮ್ಮ ಕರ್ನಾಟಕನೂ ಇತ್ತು. ಒಂಬತ್ತು ತಿಂಗಳಿಂದ ಹದಿನೈದು ವರ್ಷದ ತನಕ ಎಲ್ಲಾರಿಗೂ. ಅವತ್ತ ನೀವು ಪಾಲಕರನ್ನ ಒಪ್ಪಿಸಿ ಚುಚ್ಚಿಸಿದ ಹೆಣ್ಣುಮಕ್ಕಳು ಈಗ ತಾಯಂದಿರಾಗೂ ವಯಸ್ಸಿಗೆ ಬಂದಾರ. ನಿಮ್ಮ ನೌಕರಿಯಾಗ ನೀವು ಮಾಡಿದ ದೊಡ್ಡ ಕೆಲಸ ಅದ ಇದ್ದೀತು ಗುರುಗಳ, ಮಗ್ಗಿಗಿಂತ.

ಮಾಸ್ತರು: ನಮ್ಮ ಊರು ನೋಡು. ಗೋಳಗುಮ್ಮಟದಾಗ ಪಿಸುಗುಟ್ಟಿದ್ದು ಆ ಕಡಿ ಗ್ವಾಡಿಗೆ ಕೇಳಸ್ತೈತಿ, ಅಂಥಾ ಊರಾಗ ಈ ಕೂಸಿಗೆ…

ಟೀಚರ್: ಬ್ಯಾಡ್ರಿ, ಬ್ಯಾಡ್ರಿ. ವಿಜಯಪುರದಾಗ ಅಂಗವಿಕಲರ ದಿನಾಚರಣಿಗೆ ಬರೂ ಅತಿಥಿಗಳು ಆ ಮಾತು ಬಿಡೂದಿಲ್ಲ. ಟಿಕೋಟಾದ ಆ ಹುಡುಗನ್ನ ಗುಮ್ಮಟಕ್ಕ ಕರಕೊಂಡು ಹೋಗಿದ್ವಿ. ಅವಗ ಪ್ರತಿಧ್ವನಿ ಯಾತಕ್ಕ? ಮಿನಾರಿನ ಒಳಗ ಸುತ್ತಿಕೊಂಡು ಏರೂ ಇಕ್ಕಟ್ಟು ಮೆಟ್ಟಲ ಸೇರಿದ್ವು. ಸವದು ನಡಕ ತೆಗ್ಗು ಬಿದ್ದಾವ ನೋಡ್ರಿ, ಒಂದೊಂದೂ ಕೈಲೆ ಸವರಿ ಸವರಿ ನೋಡಿದ. ಹಿಂದಿನ ಮಂದಿ ಒದರ್‍ಯಾಡಾಕ ಹತ್ತಿದ್ರು.

ಮಾಸ್ತರು: (ಸ್ವಲ್ಪ ಹೊತ್ತು ಬಿಟ್ಟು) ಅರ್ಜಿ ಬರಿಯೂದು ನನಗ ಬರತೈತಿ. ಜನ್ಮ ಅದರಾಗ ಕಳದೇನಿ. ಏನು ಬರೀಲಿ, ಯಾರಿಗೆ?

ಟೀಚರ್: ಇವತ್ತ ಕಾರ್ಡಿನ ತಪಾಸಣೆಗೆ ಒಳಗ ಹೋದಾಗ ಮೊದಲ ಕಣ್ಣು, ಕಿವಿ ಎರಡರದೂ ಪರೀಕ್ಷೆ ಆಗಲಿ ಅನ್ರಿ. ಒಂದ ಮಾಡಿ ಕಳಿಸಿದ್ರ ಎದ್ದು ಬರಬ್ಯಾಡ್ರಿ. ಕಾರ್ಡಿನಾಗ ಬರೇ ಬುದ್ಧಿಮಾಂದ್ಯ ಅಂತ ಹೋಗದಂಗ ನೋಡಕೋರಿ. ಕಿವುಡು-ಕುರುಡು ಅನ್ನೂ ಮಾತು ಕಾಗದದ ಮ್ಯಾಲ ಇರಬೇಕು, ಇಲ್ಲಂದ್ರ ನಾಳೆ ಲೆಕ್ಕದಾಗ ನಿಮ್ಮ ಕೂಸು ಇಲ್ಲ. ಅರ್ಜಿ ಎರಡು ಬರೀರಿ. ಕ್ಷೇತ್ರ ಶಿಕ್ಷಣಾಧಿಕಾರಿಗೆ ಒಂದು, ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೆ ಒಂದು. ಮಾಸಾಶನದ ಮಾತು ಬ್ಯಾರೆ ಅರ್ಜಿಯಾಗ ಇರಲಿ. ಇದರಾಗ ಒಂದ ಬೇಡಿಕಿ: ಕಿವುಡು-ಕುರುಡು ಮಕ್ಕಳ ತರಬೇತಿ ಆದ ಒಬ್ಬ ಮನಿಷ್ಯಾ ಮನಿಗೆ ಬೇಕು, ಇಲ್ಲಂದ್ರ ನಮ್ಮ ಪಂಚಾಯ್ತಿ ಕಾರ್ಯಕರ್ತಗ ಆ ತರಬೇತಿ ಕೊಡಸ್ರಿ. ನಿಮ್ಮ ತಾಲೂಕಿನಾಗ ಇಂಥಾ ಇನ್ನೊಂದು ಕೂಸು ಗೊತ್ತಿದ್ರ ಆ ಮನಿಯವರದೂ ಸಹಿ ಹಾಕಸ್ರಿ, ಇಬ್ಬರಿಗೊಬ್ಬರು ಅನ್ನೂ ಲೆಕ್ಕ ಅಲ್ಲೇ ಕೂಡತೈತಿ. ಕೆಳಗ 2016ರ ಕಾಯ್ದಿ, ಕಲಂ 31 ಅಂತ ಬರೀರಿ. ಶೇಕಡಾ 40 ಮತ್ತ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇದ್ದ ಮಕ್ಕಳಿಗೆ ಆರರಿಂದ ಹದಿನೆಂಟರ ತನಕ ಉಚಿತ ಶಿಕ್ಷಣದ ಹಕ್ಕು ಅದು. ನಿಮ್ಮ ಹುಡುಗಿಗೆ ಆರು ತುಂಬೇತಿ.